ಹೂಜಾಡಿಯ ಜಾಗ

ಅಮ್ಮನ ಎದೆಯ ಮೇಲಿದ್ದ ಹೂಗುಚ್ಛವನ್ನು ಮಗಳು ಸರಕ್ಕನೆ ಪಕ್ಕಕ್ಕೆ ಸರಿಸಿದಳು. ಕೆಳಗೆ, ಬಿಳಿ ಬಟ್ಟೆಯ ಮೇಲೆ, ಅಂಗೈ ಅಗಲದ ಕಂದು ಕಲೆ. ಇದು ಅದೇ ಬಟ್ಟೆ, ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

"ಯಾರು ಹೊದಿಸಿದ್ದು ಇದನ್ನ?"

ನಡುಮನೆಯಲ್ಲಿ ಶವಪೆಟ್ಟಿಗೆಯ ಸುತ್ತ ಕೂತವರ ಪಿಸುಮಾತು ನಿಂತಿತು. ಅಡುಗೆಮನೆ ಬಾಗಿಲಲ್ಲಿದ್ದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡಳು.

"ನಾನೇ. ಬೀರುವಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಇಸ್ತ್ರಿ ಮಾಡಿ, ಪೇಪರಲ್ಲಿ ಸುತ್ತಿ ಇಟ್ಟಿದ್ರು. ಇದಕ್ಕೇ ಅಂತ ಎತ್ತಿಟ್ಟಿದಾರೆ ಅನ್ಕೊಂಡೆ. ಕಲೆ ಕಾಣದ ಹಾಗೆ ಹೂವಿಟ್ಟೆ."

"ಅದು ಮೇಜಿನ ಬಟ್ಟೆ. ನಾಳೆ ಈಸ್ಟರ್‌ಗೆ ಹಾಸೋದು."

ಮಗಳು ಸ್ಮಶಾನದ ಗುಂಡಿಯ ವಿಷಯ ಮಾತಾಡಿ ಬರಲು ಹೋದ ಹೊತ್ತಿನಲ್ಲಿ ಆದದ್ದು ಇದು. ಅಮ್ಮ ದುಡಿದಷ್ಟು ಕಾಲವೂ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಅಂಚು ಸವೆದಿದೆಯೆಂದು ಅಲ್ಲಿ ಬಿಸಾಕಿದ್ದ ಒಂದನ್ನು ಕೇಳಿ ತಂದಿದ್ದಳು. ಅದು ಹೊರಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ಹಿಂದಿನ ಸಂಜೆಯೇ ಹಾಸಿ, ಮಡಿಕೆಯ ಗೆರೆ ಮೇಜಿನ ಅಂಚಿಗೆ ನೇರವಾಗುವ ತನಕ ಸುತ್ತಮುತ್ತ ಓಡಾಡಿ ಎಳೆಯುತ್ತಿದ್ದಳು. ಆಮೇಲೆ ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿ ಕೆಂಪಾದ ಮೊಟ್ಟೆಗಳು, ಒಂದು ಮೇಣದಬತ್ತಿ, ಗಾಜಿನ ಜಾಡಿಯಲ್ಲಿ ಒಂದಷ್ಟು ಹೂವು. ಅಷ್ಟೇ. ಮೊನ್ನೆ ಮೊಟ್ಟೆ ಕುದಿಸಿ, ಬಟ್ಟೆಗೆ ಇಸ್ತ್ರಿ ಹಾಕಿಟ್ಟು, ಸುಸ್ತಾಗ್ತಿದೆ ಎಂದು ಮಲಗಿದವಳು ಏಳಲೇ ಇಲ್ಲ.

"ಇದರ ಮೇಲೆ ಒಂದು ತೊಟ್ಟು ನೀರು ಚೆಲ್ಲಿದ್ರೂ ನನ್ನನ್ನ ಬೀದಿಗಟ್ತಿದ್ಲು ಅಕ್ಕ," ಎಂದಳು ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತ. "ಈಗ ನೋಡು, ತಾನೇ ಹೊದ್ಕೊಂಡು ಮಲಗಿದಾಳೆ."

ಒಂದಿಬ್ಬರು ನಕ್ಕರು. ಮಗಳಿಗೆ ಮೈಯೆಲ್ಲ ಉರಿಯಿತು. ಗೋಡೆಗೆ ಒರಗಿ ನಿಂತಿದ್ದ ಅಣ್ಣ ಕಲೆಯನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡದ್ದನ್ನು ಅವಳ ಕಣ್ಣು ಬಿಡಲಿಲ್ಲ.

"ನೋಡು, ಸರಿಯಾಗಿ ನೋಡು," ಎಂದಳು. "ನೀನು ಮಾಡಿದ್ದೇ ಅಲ್ವಾ?"

*

ವರ್ಷಗಳ ಹಿಂದಿನ ಆ ಈಸ್ಟರಿನ ದಿನ ಅಣ್ಣ ಯಾರಿಗೂ ಹೇಳದೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಿದ್ದ. ಮೇಜು ಸಿದ್ಧವಾಗಿತ್ತು. ಅಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ತಟ್ಟೆ ಮೂರೇ ಹಾಕಿರೋದು" ಎಂದಳು.

ಇನ್ನೊಂದು ತಟ್ಟೆ ಕೈಗೆಟುಕುವಷ್ಟು ಹತ್ತಿರ, ಗೂಡಿನಲ್ಲೇ ಇತ್ತು. ಅಮ್ಮ ಏಳಲಿಲ್ಲ. ಮಗಳು ಎದ್ದಾಗ ಅಮ್ಮನ ಕಣ್ಣೇ ಅವಳನ್ನು ಕೂರಿಸಿತು. ಅಣ್ಣ ಬಟ್ಟೆಯ ತುದಿ ಹಿಡಿದು ಎಳೆದ. ಮೊಟ್ಟೆಗಳು ನೆಲಕ್ಕೆ ಉರುಳಿದವು, ದ್ರಾಕ್ಷಿ ರಸದ ಲೋಟ ಅವನ ತಟ್ಟೆಯ ಮುಂದೆಯೇ ಮಗುಚಿಬಿತ್ತು. ಹುಡುಗಿಯ ಕೈ ಹಿಡಿದು ಹೊರಟವನು ಮತ್ತೆ ಆ ಮೇಜಿಗೆ ಕೂರಲಿಲ್ಲ.

ಊರ ಬಟ್ಟೆಗಳ ಕಲೆಯನ್ನೆಲ್ಲ ತೆಗೆದವಳಿಗೆ ಇದೊಂದು ಹೋಗಲಿಲ್ಲ. ಮರುವರ್ಷದಿಂದ ಹೂಜಾಡಿ ಮೇಜಿನ ನಡುವೆ ಕೂರುವುದು ಬಿಟ್ಟು, ಪಕ್ಕಕ್ಕೆ ಸರಿದು ಕಲೆಯ ಮೇಲೆ ಕೂತಿತು. ಯಾರಾದರೂ ನಡುವಿಗೆ ಇಡಿ ಎಂದರೆ ಅಮ್ಮ, "ಅದರ ಜಾಗ ಅಲ್ಲೇ" ಅನ್ನುತ್ತಿದ್ದಳು. ತಪ್ಪಾಯ್ತು ಅಂತ ಅವಳ ಬಾಯಿಂದ ಬಂದದ್ದಿಲ್ಲ. ಅವನನ್ನು ಬೈದದ್ದೂ ಇಲ್ಲ.

*

"ಸತ್ತೋರ ಮುಂದೆ ಯಾಕೆ ಈಗ," ಎಂದ ಅಣ್ಣ.

"ಬದುಕಿದ್ದಾಗ ನೀನೆಲ್ಲಿದ್ದೆ, ಅಮ್ಮನ ಮುಂದೆ ಮಾತಾಡೋದಕ್ಕೆ?" ಮಗಳು ಅವನತ್ತ ತಿರುಗಿದಳು. "ಪ್ರತಿ ವರ್ಷ ನಾಲ್ಕು ತಟ್ಟೆ ಹಾಕಿಸ್ತಿದ್ಲು. ಉಣ್ಣೋರು ಇಬ್ರು. ನಾಲ್ಕೂ ತೊಳೆದಿದ್ದು ನಾನು."

ಅತ್ತಿಗೆ ತಲೆಯೆತ್ತಿದಳು. "ನಾಲ್ಕಾ? ನಂಗೂ ಹಾಕ್ತಿದ್ರಾ?"

ಅತ್ತಿಗೆ ಅಲ್ಲೇ ಕುಕ್ಕರಿಸಿದಳು. ಮೆಲ್ಲಗೆ ಹೇಳಿದಳು: ಹೋದ ವಾರ ಅತ್ತೆ ಫೋನ್ ಮಾಡಿದ್ದರು, ಬನ್ನಿ ಅಂದಿದ್ದರು, ನಾವು ಹೂಂ ಅಂದಿದ್ದೆವು.

"ನಂಗೆ ಹೇಳ್ಲಿಲ್ಲ."

"ನಿಂಗೆ ಹೇಳ್ಬೇಡಿ ಅಂದ್ರು. ಗೊತ್ತಾದ್ರೆ ಜಗಳ ತೆಗೀತಾಳೆ ಅಂತ."

ಇದು ಎಲ್ಲಕ್ಕಿಂತ ಜೋರಾಗಿ ತಾಕಿತು. ಇಷ್ಟು ವರ್ಷ ಜೊತೆಗಿದ್ದು ಮಾತ್ರೆ ಕೊಟ್ಟವಳಿಗೆ, ಕಾಲು ಒತ್ತಿದವಳಿಗೆ ಗುಟ್ಟು. ಎಳೆದು ಬೀಳಿಸಿ ಹೋದವನಿಗೆ ಆಮಂತ್ರಣ. ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿದ್ದವಳ ಮೇಲೂ ಕೋಪ ಉಕ್ಕಿತು. ಆಡಿ ತೀರಿಸಿಕೊಳ್ಳಲು ಅವಳೇ ಇರಲಿಲ್ಲ.

ಮುಚ್ಚಳ ಹಿಡಿದು ನಿಂತಿದ್ದ ಪೆಟ್ಟಿಗೆಯವನು ಕೆಮ್ಮಿದ. "ಬಟ್ಟೆ ತೆಗೀಬೇಕಾ, ಬಿಡಬೇಕಾ? ಪಾದ್ರಿಗಳು ಕಾಯ್ತಿದಾರೆ."

ಮಗಳು ಬಟ್ಟೆಯ ಅಂಚು ಹಿಡಿದಳು. ಅವಳಿಗೆ ಅದು ಬೇಕಿತ್ತು. ಮನೆಯಲ್ಲಿ ಅಮ್ಮನ ಕೈಗುರುತು ಅಂತ ಉಳಿದದ್ದು ಅದೊಂದೇ. ಮೆಲ್ಲಗೆ ಎಳೆದಳು. ಬಟ್ಟೆಯ ಜೊತೆ ಅಮ್ಮನ ಕೈಯೂ ಸರಿಯಿತು. ಬೆರಳ ತುದಿಯಲ್ಲಿ ಹಳೆಯ ಇಸ್ತ್ರಿ ಸುಟ್ಟ ಗುರುತುಗಳು.

ಎಳೆದವನು ಒಬ್ಬ ಸಾಕು ಅನ್ನಿಸಿತು ಅವಳಿಗೆ. ಕೈಯನ್ನು ಮೊದಲಿನ ಹಾಗೆ ಇಟ್ಟಳು. ಬಟ್ಟೆಯ ಮಡಿಕೆ ಗೆರೆಯನ್ನು ಪೆಟ್ಟಿಗೆಯ ಅಂಚಿಗೆ ನೇರ ಮಾಡಿದಳು. ಹೂವನ್ನು ಮಾತ್ರ ಕಲೆಯ ಮೇಲಿಡದೆ ಕಾಲ ಬಳಿ ಇಟ್ಟಳು.

"ಮುಚ್ಚಿ," ಎಂದಳು.

*

ಮಣ್ಣು ಮಾಡಿ ಬಂದ ಮೇಲೆ ಚಿಕ್ಕಮ್ಮನೂ ನೆಂಟರೂ ಹೊರಟರು. ಸಂಜೆ ಮೂವರೇ ಉಳಿದರು. ಬುಟ್ಟಿಯಲ್ಲಿ ಅಮ್ಮ ಕುದಿಸಿಟ್ಟಿದ್ದ ಕೆಂಪು ಮೊಟ್ಟೆಗಳಿದ್ದವು. ಮಗಳು ಅವುಗಳನ್ನು ತಂದು ಬರಿ ಮೇಜಿನ ಮೇಲೆ ಇಟ್ಟಳು. ಅತ್ತಿಗೆ ಮೇಣದಬತ್ತಿ ನಿಲ್ಲಿಸಿ, ಜಾಡಿಗೆ ನೀರು ತುಂಬಿ ಹೂವಿಟ್ಟು, ನಡುವಿಗೆ ಇಟ್ಟಳು. ಮೂರು ತಟ್ಟೆ ಹಾಕಿದಳು.

"ಈ ಮನೇಲಿ ಮೂರೇ ಹಾಕಿದ್ರೆ ಏನಾಗುತ್ತೆ ಅಂತ ಮರ್ತೋಯ್ತಾ?" ಮಗಳು ಗೂಡಿನಿಂದ ಇನ್ನೊಂದು ತಟ್ಟೆ ತೆಗೆದು ಅಮ್ಮನ ಜಾಗದಲ್ಲಿ ಕುಕ್ಕಿದಳು. ಮೊಟ್ಟೆಗಳು ಒಂದಕ್ಕೊಂದು ತಾಕಿ ಅಲುಗಾಡಿದವು.

ಅಣ್ಣ ತನ್ನ ಹಳೆಯ ಕುರ್ಚಿಯಲ್ಲಿ ಕೂತ. ಕೈ ಚಾಚಿ, ಜಾಡಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ತನ್ನ ತಟ್ಟೆಯ ಮುಂದೆ, ಕಲೆ ಇರಬೇಕಾದ ಕಡೆ ಇಟ್ಟ. ಅವನ ಮುಖ ಹೂವಿನ ಮರೆಗೆ ಹೋಯಿತು.

ಮಗಳು ಒಂದು ಗಳಿಗೆ ನೋಡಿದಳು. ಎದ್ದು, ಜಾಡಿಯನ್ನು ಎತ್ತಿ ಮತ್ತೆ ನಡುವಿಗೆ ಇಟ್ಟಳು.

ಅವನ ತಟ್ಟೆಯ ಮುಂದೆ, ಬರಿ ಮರದ ಮೇಲೆ, ಜಾಡಿಯ ಅಡಿಯ ಒದ್ದೆ ಉಂಗುರವೊಂದು ಉಳಿಯಿತು. ಒರೆಸಲು ಯಾರೂ ಬಟ್ಟೆ ತರಲಿಲ್ಲ.