ನಾಯಿ ಕೂರುವ ಜಾಗ

ಏನು ಕಂಡರೂ ಹತ್ತಿರ ಹೋಗಿ ಇಣುಕುವುದು ನನಗೆ ಹುಟ್ಟಿನಿಂದ ಬಂದ ಚಟ. ನಮ್ಮ ಕೊಲ್ಲಿಯ ಕಾಡುಬಾತುಗಳದ್ದೂ ಅದೇ ಜಾಯಮಾನ. ದಡದಲ್ಲಿ ಕೆಂಚು ನಾಯಿಯೊಂದು ಬೊಗಳದೆ ಕೋಲಿನ ಹಿಂದೆ ಕುಣಿದಾಡುತ್ತಿದ್ದರೆ ಸಾಕು, ಇದೇನಪ್ಪಾ ಎಂದು ಈಜಿಕೊಂಡು ಬಂದೇ ಬಿಡುತ್ತವೆ. ಕೋಲು ಎಸೆಯುವವನು ಕಡಲಪಾಚಿ ಒಟ್ಟಿದ ಮರೆಯ ಹಿಂದೆ ಅಡಗಿರುತ್ತಾನೆ. ನೋವಾ ಸ್ಕೋಷಿಯಾದ ಈ ಮೂಲೆಯಲ್ಲಿ ನಮ್ಮ ಅಕೇಡಿಯನ್ ಹಿರಿಯರು ಬೇಟೆಯಾಡಿದ್ದು ಹೀಗೆಯೇ.

ಬಾತು ಹತ್ತಿರ ಬಂದ ಮೇಲೆ ನಾಯಿಯನ್ನು ಕರೆದು ಮರೆಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಕೂರಿಸಬೇಕು. ಬೇಟೆಗಾರ ಎದ್ದು ನಿಂತು, ಬಾತುಗಳನ್ನು ಗದರಿಸಿ ಹಾರಿಸಿ, ಆಮೇಲೆ ಗುಂಡು ಹೊಡೆಯಬೇಕು. ಹೆಸರು ಹಿಡಿದು ಕೂಗುವ ತನಕ ನಾಯಿ ಅಲುಗುವಂತಿಲ್ಲ. ಅಲುಗಿದರೆ ಏನಾಗುತ್ತದೆಂದು ಝೊಯೆಲ್ ಚಿಕ್ಕಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂಬತ್ತು ವರ್ಷದ ಹಿಂದೆ ಅವನ ನಾಯಿ ರುಸೆತ್ ಕಲ್ಲಿನಿಂದ ನೆಗೆದು ನೀರಿಗೆ ಓಡಿ, ಆಗಷ್ಟೇ ಮೇಲೇಳುತ್ತಿದ್ದ ಬಾತಿಗೆ ಅವನೇ ಹಾರಿಸಿದ ಗುಂಡಿಗೆ ಅಡ್ಡ ಬಂದಿದ್ದಳು. ಅಂದಿನಿಂದ ಅವನು ಬಂದೂಕಿಗೆ ತೋಟಾ ತುಂಬಿರಲಿಲ್ಲ. ಬಂದರಿನಲ್ಲಿ ಯಾರಾದರೂ ಕೇಳಿದರೆ ಒಂದೇ ಮಾತು: "ಹೇಳಿದ ಮಾತು ಕೇಳ್ಲಿಲ್ಲ, ಸತ್ಲು."

ಈಗ ರುಸೆತ್‌ಳ ಮೊಮ್ಮಗಳು ಕನೆಲ್ ಬಂದಿದ್ದಾಳೆ. ಸದ್ದಿಗೆ ಹೆದರಬಾರದೆಂದು ಅವಳು ಊಟ ಮಾಡುವಾಗ ಪಾತ್ರೆಯ ಮುಚ್ಚಳ ಬಡಿದೆವು. ಆಮೇಲೆ ಪಕ್ಕದ ಮನೆಯ ಉರ್ಬೆನ್ ಹೊಲದಾಚೆಯಿಂದ ಗುಂಡಿಲ್ಲದ ತೋಟಾ ಹಾರಿಸಿದ. ಎರಡಕ್ಕೂ ಅವಳು ಜಗ್ಗಲಿಲ್ಲ. ಆದರೆ ಚಿಕ್ಕಪ್ಪ ಖಾಲಿ ಬಂದೂಕು ಎತ್ತಿದ್ದೇ ತಡ, ಸದ್ದೇ ಇಲ್ಲದಿದ್ದರೂ ನೀರಿಗೆ ಓಟ. ಆ ದಿನ ಹನ್ನೊಂದು ಸಲ ಎತ್ತಿದ, ಹನ್ನೊಂದು ಸಲವೂ ಓಡಿದಳು.

"ಅಜ್ಜಿ ರಕ್ತ ಕಣೇ ಒಡೀಲ್, ಎಲ್ಲಿ ಹೋಗತ್ತೆ?" ಎಂದ ಚಿಕ್ಕಪ್ಪ, ನನ್ನ ಕಡೆ ತಿರುಗಿ. "ಭಾನುವಾರ ಯಾರ್ಮೌತ್ ಪೇಟೇಲಿ ನಾಯಿ ಕೇಳ್ತಿದ್ದ ಆ ಮೇಡಂಗೆ ಕೊಟ್ಬಿಡ್ತೀನಿ. ಅವರ ಸೋಫಾ ಮೇಲೆ ಬಿದ್ಕೊಂಡಿರ್ಲಿ."

ನಾನೇ ಕೈಯಾರೆ ತುತ್ತು ಕೊಟ್ಟು ಸಾಕಿದ ನಾಯಿ ಅದು, ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ತಲೆಯೊಳಗೆ ಹುಳ ಹೊಕ್ಕಿತ್ತು. ಸದ್ದಿಗೆ ಓಡದವಳು ಸದ್ದಿಲ್ಲದ್ದಕ್ಕೆ ಯಾಕೆ ಓಡಬೇಕು?

"ಚಿಕ್ಕಪ್ಪಾ, ಅವಳನ್ನ ಕಟ್ಹಾಕು. ನಾನು ಕೂತ್ಕೋತೀನಿ."

"ಎಲ್ಲಿ?"

"ಅವಳ ಕಲ್ಲಿನ ಮೇಲೆ."

"ಅಷ್ಟೊಂದು ಓದಿ ಕೊನೆಗೆ ನಾಯಿ ಕೆಲಸಕ್ಕೆ ಬಂದ್ಯಲ್ಲ ತಾಯಿ," ಎಂದು ನಕ್ಕ. ಆದರೂ ಮರೆಯ ಹಿಂದೆ ಹೋದ.

ನಾನು ಅಂಗೈ ಊರಿ, ನಾಯಿಯಷ್ಟೇ ಎತ್ತರಕ್ಕೆ ಕುಗ್ಗಿ ಕೂತೆ. ಅಲ್ಲಿಂದ ಪಾಚಿಯ ಗೋಡೆಯ ಹಿಂದಿದ್ದ ಚಿಕ್ಕಪ್ಪ ಕಾಣಲೇ ಇಲ್ಲ. ಗೋಡೆಯ ಮೇಲೆ ಅವನ ಬಲಗೈ ಮಾತ್ರ ಎದ್ದಿತು, ಕೋಲು ಹಾರಿತು. ಮತ್ತೆ ಎದ್ದಿತು, ಮತ್ತೆ ಕೋಲು. ಹೀಗೆ ಏಳೆಂಟು ಸಲ. ಆಮೇಲೂ ಅದೇ ಕೈ ಎದ್ದಿತು. ನನ್ನ ಕತ್ತು ತಾನಾಗಿ ನೀರಿನ ಕಡೆ ತಿರುಗಿತು. ಕೋಲು ಬೀಳಲಿಲ್ಲ. ತಿರುಗಿ ನೋಡಿದರೆ, ಗೋಡೆಯ ಮೇಲೆ ಬಂದೂಕಿನ ನಳಿಕೆ.

"ಇಲ್ಲಿ ಬಾ," ಎಂದೆ. "ಇಲ್ಲಿಂದ ಕೋಲು ಎತ್ತಿದ್ರೂ ಬಂದೂಕು ಎತ್ತಿದ್ರೂ ಒಂದೇ ಥರ ಕಾಣತ್ತೆ. ನೀನೇ ಕೂತು ನೋಡು."

ಮಂಡಿನೋವಿಗೆ ಶಾಪ ಹಾಕುತ್ತಾ ಕೂತ. ನಾನು ಮರೆಯ ಹಿಂದಿನಿಂದ ಕೋಲು ಎಸೆದೆ, ಎಸೆದೆ, ಕೊನೆಗೆ ಬಂದೂಕು ಎತ್ತಿದೆ. ಅವನ ತಲೆಯೂ ನೀರಿನ ಕಡೆಗೇ ತಿರುಗಿತು.

ಅವನು ತುಂಬ ಹೊತ್ತು ಏಳಲೇ ಇಲ್ಲ. ಮೊದಲು ಮಂಡಿ ಹಿಡಿದುಕೊಂಡಿತೇನೋ ಎಂದುಕೊಂಡೆ.

"ಹಾಗಾದ್ರೆ ರುಸೆತ್ ಕೂಡ ಕೋಲು ಅಂದ್ಕೊಂಡೇ..." ಎಂದು ಆ ಕಲ್ಲನ್ನು ಅಂಗೈಯಿಂದ ಸವರಿದ.

ಭಾನುವಾರ ಕನೆಲ್ ಎಲ್ಲಿಗೂ ಹೋಗಲಿಲ್ಲ. ಅಂದಿನಿಂದ ಕೋಲು ಎಸೆಯುವುದು ಎಡಗೈಯಲ್ಲಿ, ಗೋಡೆಯ ಕೆಳಗಿನ ಕಿಂಡಿಯಿಂದ, ನೆಲ ಸವರುವಂತೆ. ಬಲಗೈ ಎದ್ದರೆ ಕೂರಬೇಕು, ಕೂತರೆ ಒಂದು ಚೂರು ಒಣಮೀನು. ಹಳೆಯ ಅಭ್ಯಾಸ ಬಿಡಿಸಲು ಮೂರು ವಾರ ಹಿಡಿಯಿತು. ಚಿಕ್ಕಪ್ಪನ ಎಡಗೈ ಎಸೆತ ನೋಡಿ ಉರ್ಬೆನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಬೇಟೆ ಶುರುವಾದ ಮೊದಲ ಬೆಳಿಗ್ಗೆ ಏಳು ಬಾತುಗಳು ಕತ್ತು ಚಾಚಿಕೊಂಡು ಬಂದವು. ಚಿಕ್ಕಪ್ಪ ಕನೆಲ್‌ಳನ್ನು ಕರೆದು ಕೂರಿಸಿದ, ಎದ್ದು ನಿಂತು "ಹೋಯ್!" ಎಂದು ಕೂಗಿದ. ಬಾತುಗಳು ರೆಕ್ಕೆ ಬಡಿದು ಎದ್ದವು. ಅವನು ಮೊದಲು ಕಲ್ಲಿನ ಕಡೆ ನೋಡಿದ. ಅವಳು ಅಲ್ಲೇ ಇದ್ದಳು, ಬಾಲ ಕೂಡ ಅಲುಗಲಿಲ್ಲ. ಅಷ್ಟರಲ್ಲಿ ಆರು ಬಾತು ದೂರ ಹೋಗಿದ್ದವು, ಏಳನೆಯದು ಅವನ ಗುಂಡಿಗೆ ಬಿತ್ತು. ಹೆಸರು ಕೂಗಿದ ಮೇಲೆ ಹೋಗಿ ತಂದುಕೊಟ್ಟಳು.

ಸಂಜೆ ಬಂದರಿನಲ್ಲಿ ಉರ್ಬೆನ್ ಅವಳ ಕಿವಿ ಸವರಿದ. "ಪರವಾಗಿಲ್ವೇ ಝೊಯೆಲ್! ಅಜ್ಜಿ ಥರ ಅಲ್ಲ ಇವಳು, ಹೇಳಿದ ಮಾತು ಕೇಳ್ತಾಳೆ."

ಅಲ್ಲಿದ್ದವರೆಲ್ಲ ನಕ್ಕರು. ಚಿಕ್ಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಜ್ಜಿ ಸುದ್ದಿಗೆ ಬರ್ಬೇಡ ಕಣಯ್ಯ," ಎಂದ. "ಒಂಬತ್ತು ವರ್ಷ ನಾನು ಸುಳ್ಳು ಹೇಳ್ಕೊಂಡು ಬಂದೆ. ಅವಳು ಮಾತು ಕೇಳಿದ್ದಕ್ಕೇ ಸತ್ತಿದ್ದು."