ಹೊಟ್ಟೆ ತುಂಬಿದ ಅಕ್ಷರಗಳು

ಡ್ರೈವರು ಮೂರನೆಯ ಡ್ರಾಯರನ್ನೂ ಎಳೆದು ಮಂಚದ ಮೇಲೆ ಬೋರಲು ಹಾಕಿದರು. ತುಕ್ಕು ಹಿಡಿದ ಬೀಗದಕೈ, ಒಣಗಿದ ಮುಲಾಮು, ಬಣ್ಣಬಣ್ಣದ ಗುಂಡಿಗಳು ಬಿದ್ದವೇ ಹೊರತು ಬರೆದ ಕಾಗದದ ಚೂರೊಂದೂ ಬೀಳಲಿಲ್ಲ. ಮುಂದಿನ ಕೋಣೆಯಲ್ಲಿ ಅವರ ಹೆಂಡತಿಯನ್ನು ಮಲಗಿಸಿದ್ದರು. ಮೂರು ಗಂಟೆಗೆ ಚಿತಾಗಾರದ ವ್ಯಾನು ಬರುವುದಿತ್ತು.

"ಅಪ್ಪಾ, ಏನು ಹುಡುಕ್ತಿದೀರಾ?" ಮಗಳು ಬಾಗಿಲಲ್ಲಿ ನಿಂತಳು. "ಆಸ್ಪತ್ರೆ ಕಾಗದ ಎಲ್ಲ ನನ್ನ ಹತ್ರಾನೇ ಇದೆ."

"ನಿಮ್ಮಮ್ಮ ಕೈಯಾರೆ ಬರೆದಿದ್ದು. ಒಂದು ಚೀಟಿ ಆದ್ರೂ ಸಾಕು."

ಬೆರಳು ಸೆಟೆದುಕೊಂಡು ಅಮ್ಮ ಪೆನ್ನು ಬಿಟ್ಟು ಆರು ವರ್ಷವಾಗಿತ್ತು. ಸಾಮಾನಿನ ಪಟ್ಟಿಯನ್ನೂ ಫೋನಿಗೆ ಬಾಯಲ್ಲೇ ಹೇಳುತ್ತಿದ್ದಳು.

"ಅಡುಗೆಮನೆ ಡಬ್ಬಿಗಳ ಮೇಲೆ ಇತ್ತಲ್ವಾ..." ಎಂದ ಮಗಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ಹೋದ ತಿಂಗಳು ತಾನೇ ಆ ಚೀಟಿಗಳನ್ನು ಕೆರೆದು ತೆಗೆದು, ಅಚ್ಚು ಹಾಕಿಸಿದ ಹೊಸ ಚೀಟಿಗಳನ್ನು ಅಂಟಿಸಿದ್ದಳು. "ಅವೂ ಅಮ್ಮನ ಅಕ್ಷರಾನೇ ಅಲ್ವಾ ಅಪ್ಪಾ? ಅದಕ್ಕೇ ಅಲ್ವಾ ಮಾಡಿಸಿದ್ದು?"

ಡ್ರೈವರು ಗುಂಡಿಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕತೊಡಗಿದರು.

*

ಡ್ರೈವರ ಹೆಂಡತಿ ಹಿಂದೆ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದಳು. ಹಾಸಿಗೆಯ ತಲೆದೆಸೆಯ ಹಲಗೆಯ ಮೇಲೆ ಮಗುವಿನ ಹೆಸರು ಬರೆಯುವುದು ನರ್ಸಿನ ಕೆಲಸ. ನರ್ಸಿಗೆ ಪುರಸೊತ್ತಿಲ್ಲದ ಒಂದು ದಿನ ಇವಳು ಬರೆದಳು. ಅಕ್ಷರಗಳು ಉಬ್ಬಿದ ಕೆನ್ನೆಯಂತೆ ದುಂಡಗೆ, ಒಂದಕ್ಕೊಂದು ಒರಗಿಕೊಂಡು ಕುಳಿತವು.

ಒಂಬತ್ತನೆಯ ಹಾಸಿಗೆಯ ಹುಡುಗಿ ಎರಡು ದಿನದಿಂದ ಊಟ ಮುಟ್ಟಿರಲಿಲ್ಲ. ತನ್ನ ಹೆಸರು ನೋಡಿ, "ಇವಕ್ಕೆಲ್ಲ ಹೊಟ್ಟೆ ತುಂಬಿದೆ" ಅಂದಳಂತೆ.

"ತುಂಬದೆ ಏನು? ತಟ್ಟೆ ಖಾಲಿ ಮಾಡಿ ಬಂದಿದಾವೆ. ನೀನೊಬ್ಬಳೇ ಬಾಕಿ."

ಹುಡುಗಿ ನಾಲ್ಕು ತುತ್ತು ತಿಂದಳು. ಅವಳ ಅಪ್ಪ ಕಂಪ್ಯೂಟರಿಗೆ ಅಕ್ಷರ ರೂಪಿಸುವ ಕಲಾವಿದ. ಮಗಳು ಗುಣವಾಗಿ ಮನೆ ಸೇರಿದ ಮೇಲೆ ಅವನು ಖಾಲಿ ಹಾಳೆಗಳ ಕಟ್ಟು ಹಿಡಿದು ವಾರ್ಡಿಗೆ ಬಂದ. "ಅಕ್ಕಾ, ಒಂದೊಂದು ಅಕ್ಷರಾನೂ ನಲವತ್ತು ಸಲ ಬರೆದುಕೊಡಿ. ಚೆನ್ನಾಗಿರೋ ಒಂದನ್ನ ಆರಿಸಿ ಕಂಪ್ಯೂಟರಿಗೆ ಹಾಕ್ತೀನಿ."

ಒಂದೆರಡು ವರ್ಷದಲ್ಲಿ ಊರೆಲ್ಲ ಅವಳ ಅಕ್ಷರ. ಐಸ್‌ಕ್ರೀಂ ಗಾಡಿ, ಶಾಲೆಯ ವ್ಯಾನು, ಮಕ್ಕಳ ಸೋಪು, ಚಪ್ಪಲಿ ಅಂಗಡಿಯ ಬೋರ್ಡು. ಗಂಡನ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು, "ಅಲ್ನೋಡ್ರೀ, ನನ್ನ ಮ!" ಅನ್ನುವಳು. ಡ್ರೈವರು ವೇಗ ತಗ್ಗಿಸುವರು. "ಇಲ್ಲಿ ಸ್ಟಾಪ್ ಇಲ್ವಲ್ಲ ಗುರುವೇ" ಎಂದು ಕಂಡಕ್ಟರ್ ರೇಗಿಸಿದರೆ, "ಅಕ್ಷರ ಹತ್ತಬೇಕು, ತಾಳು" ಅನ್ನುವರು.

ಒಂದು ದಿನ ಮಾತ್ರ ಅವಳು ಬೋರ್ಡನ್ನು ದಿಟ್ಟಿಸಿ ಹೇಳಿದ್ದಳು: "ಎರಡು ಮ-ನೂ ಅಚ್ಚೊತ್ತಿದ ಹಾಗೆ ಒಂದೇ ಥರ ಕೂತಿವೆ ನೋಡಿ. ಅವಳಿ ಮಕ್ಕಳೂ ಅಷ್ಟು ಒಂದೇ ಥರ ಇರಲ್ಲಪ್ಪ. ನಾನು ಹಾಗೆ ಬರೆದವಳೇ ಅಲ್ಲ."

*

ಎರಡು ಗಂಟೆಗೆ ಆ ಕಲಾವಿದ ಬಂದ. ತಲೆ ನರೆತಿತ್ತು. ಕಂಕುಳಲ್ಲಿ ಒಂದು ಫಲಕ. ಅದರ ಮೇಲೆ ಅದೇ ದುಂಡು ಅಕ್ಷರದಲ್ಲಿ ಅವಳ ಹೆಸರು. ಅದನ್ನು ಗೋಡೆಗೆ ಒರಗಿಸಿದಾಗ ನಾದಿನಿ ಡ್ರೈವರ ಕಿವಿಯಲ್ಲಿ, "ಭಾವ, ತಪ್ಪು ತಿಳೀಬೇಡಿ, ಹುಟ್ಟುಹಬ್ಬಕ್ಕೆ ಕಟ್ಟಿದ ಹಾಗಿದೆ" ಎಂದಳು. ಹಾಗೆಂದವಳೇ ಸೆರಗು ಬಾಯಿಗಿಟ್ಟು ಅತ್ತಳು.

ಡ್ರೈವರು ಫಲಕವನ್ನೇ ನೋಡುತ್ತಿದ್ದರು. "ಅವತ್ತು ನೀನು ಆರಿಸದೆ ಬಿಟ್ಟವು ಏನಾದ್ವಪ್ಪ?"

"ಇವೆ ಅಣ್ಣ. ಎಸೆಯೋಕೆ ಕೈ ಬರಲಿಲ್ಲ. ನಾಳೇನೇ ತಂದುಕೊಡ್ತೀನಿ."

"ನಾಳೆ ಅವಳು ಮನೇಲಿರಲ್ಲ."

ಅವನು ಆಗಲೇ ಸ್ಕೂಟರ್ ಹತ್ತಿದ.

ಮೂರಕ್ಕೆ ಸರಿಯಾಗಿ ವ್ಯಾನು ಬಂತು. ನೆಂಟರು ಎದ್ದು ಚಪ್ಪಲಿ ಹುಡುಕತೊಡಗಿದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ಬಸ್ಸು ತಡಮಾಡದ ಮನುಷ್ಯ ಹೊಸ್ತಿಲಿಗೆ ಅಡ್ಡ ನಿಂತುಬಿಟ್ಟರು. "ಹತ್ತು ನಿಮಿಷ ನಿಲ್ಲಿಸಪ್ಪ. ನೀನೂ ಡ್ರೈವರು, ನಾನೂ ಡ್ರೈವರು. ಇದೊಂದು ಸಲ."

"ಭಾವ, ಜನ ಕಾಯ್ತಿದಾರೆ," ನಾದಿನಿ ಎಂದಳು.

"ಕಾಯ್ಲಿ ಬಿಡು ಚಿಕ್ಕಮ್ಮ," ಎಂದಳು ಮಗಳು, ಅಪ್ಪನ ಪಕ್ಕಕ್ಕೆ ಬಂದು ನಿಂತು.

ಹತ್ತು ನಿಮಿಷ ಇಪ್ಪತ್ತೈದಾಯಿತು. ಕಲಾವಿದ ಬೆವೆತು ಒಳಬಂದು ಕಾಗದದ ಕಟ್ಟನ್ನು ಅವರ ಕೈಗಿತ್ತ. ಡ್ರೈವರು ಹೆಂಡತಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಹಾಳೆ ಮಗುಚಿದರು. ನಲವತ್ತು ಅ, ನಲವತ್ತೂ ಬೇರೆ ಬೇರೆ. ಒಂದು ನಿದ್ದೆಗಣ್ಣಿನದು, ಒಂದು ಬೀಗುತ್ತಿರುವುದು, ಒಂದಕ್ಕೆ ಬಾಲವೇ ಇಲ್ಲ. ಳ ಬರೆದ ಹಾಳೆಯಲ್ಲಿ ಮಾತ್ರ ಇಪ್ಪತ್ತಮೂರಕ್ಕೇ ನಿಲ್ಲಿಸಿಬಿಟ್ಟಿದ್ದಳು. ಅದರ ಕೆಳಗೆ ಅವಸರದ ಒಂದು ಸಾಲು: "ಇವತ್ತಿಗೆ ಇಷ್ಟು ಸಾಕಪ್ಪ. ನಮ್ಮ ಮನೆಯವರು ಉಣ್ಣದೆ ಕೂತಿರ್ತಾರೆ."

ಡ್ರೈವರು ಅದನ್ನು ಎರಡು ಸಲ ಓದಿದರು. ಮೂರನೆಯ ಸಲಕ್ಕೆ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಹಾಳೆಯನ್ನು ಮಗುಚಿ ಮಂಡಿಯ ಮೇಲಿಟ್ಟುಕೊಂಡರು. ಪೆನ್ನು ಒತ್ತಿ ಬರೆದಿದ್ದಳು. ಬರಿಯ ಬೆನ್ನುಬದಿಯಲ್ಲಿ ಸಾಲಿನುದ್ದಕ್ಕೂ ಅಕ್ಷರಗಳು ಉಬ್ಬಿ ನಿಂತಿದ್ದವು. ಬೆರಳ ತುದಿಯಿಂದ ಅವನ್ನು ಮೆಲ್ಲಗೆ ಸವರುತ್ತ, ಬಲದಿಂದ ಎಡಕ್ಕೆ, ತಿರುಗುಮುರುಗಾಗಿ, ಅವರು ಓದತೊಡಗಿದರು.