ಭಾವನ ಅರ್ಧ ಗಡ್ಡ, ಪೇಟೆಯ ಪೂರ್ತಿ ಏರಿಕೆ

"ಕತ್ತಿ ಕೆಳಗಿಡಪ್ಪಾ! ಇನ್ನೊಂದು ಕೂದಲು ಮುಟ್ಟಿದೆಯೋ, ನಮ್ಮೆಲ್ಲರ ಮನೆ ಹಾಳು ಮಾಡಿದ ಪಾಪ ನಿಂದೇ!"

ಹೀಗೆ ಕೂಗಿದವನು ಪಕ್ಕದ ದಿನಸಿ ಅಂಗಡಿಯವನು. ಕ್ಷೌರಿಕ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಕುರ್ಚಿಯಲ್ಲಿದ್ದವನು ಕ್ಷೌರಿಕನ ಅಕ್ಕನ ಗಂಡ, ದರ್ಜಿ. ಜ್ವರ ಹಿಡಿದು ಮಲಗಿದ್ದಾಗ ಬೆಳೆದ ಗಡ್ಡ ತೆಗೆಸಲು ಬಂದಿದ್ದ. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಕಾಡು ಹಾಗೇ ಇತ್ತು. ಅದೇ ಗಳಿಗೆಯಲ್ಲಿ ಗೋಡೆಯ ಟೀವಿಯೊಳಗೆ ಷೇರುಪೇಟೆ ಇತಿಹಾಸದಲ್ಲೇ ಕಾಣದ ಎತ್ತರಕ್ಕೆ ಏರಿ ಕೂತಿತ್ತು.

"ಎಡಗಡೆ ಬೋಳಿಸುವಾಗ ಏರ್ತಾ ಏರ್ತಾ ಹೋಯ್ತು. ನೀನು ಬಲಗಡೆ ಕತ್ತಿ ತಂದೆ ನೋಡು, ದಬಕ್ಕನೆ ಜಾರಿತು. ಕತ್ತಿ ತೆಗೆದೆ, ಮತ್ತೆ ಏರ್ತು! ನನ್ನ ಕಣ್ಣಾರೆ ಕಂಡೆ," ಎಂದ ದಿನಸಿಯವನು.

"ಏನೇನೋ ಒದರಬೇಡ," ಎಂದ ದರ್ಜಿ, ನೊರೆ ಮೆತ್ತಿದ ಬಾಯಲ್ಲಿ.

"ನಿಂದೂ ಷೇರಿದೆಯಲ್ಲೋ?"

ದರ್ಜಿ ಸ್ವಲ್ಪ ಹೊತ್ತು ಕನ್ನಡಿ ನೋಡಿದ. "ಹಾಗಾದ್ರೆ… ನಾಳೆ ಬರ್ತೀನಿ," ಎಂದು ಮೆಲ್ಲಗೆ ಎದ್ದ.

ಆ ನಾಳೆ ಬರಲೇ ಇಲ್ಲ. ಪೇಟೆ ಏರುತ್ತಲೇ ಹೋಯಿತು. ಆದರೆ ಬೋಳಿಸಿದ ಕೆನ್ನೆ ಸುಮ್ಮನಿರುತ್ತದೆಯೇ? ಅಲ್ಲೂ ಕೂದಲು ಮೊಳೆಯತೊಡಗಿತು. ಎರಡೂ ಕೆನ್ನೆ ಒಂದಾದರೆ ಪೇಟೆ ಮಲಗುತ್ತದೆಂದು ಹೆದರಿದ ಬೀದಿಯವರು ದಿನಾ ಬೆಳಿಗ್ಗೆ ದರ್ಜಿಯನ್ನು ಕೈಹಿಡಿದು ಕರೆತಂದು, ಎಡಗೆನ್ನೆಗೆ ಮಾತ್ರ ಕ್ಷೌರ ಮಾಡಿಸಿ, ಕಳಿಸುತ್ತಿದ್ದರು. ಔಷಧಿ ಅಂಗಡಿಯವನು ಬಲಗಡ್ಡಕ್ಕೆಂದೇ ಎಣ್ಣೆ ಕೊಟ್ಟ. ಟೀವಿಯಲ್ಲಿ ಟೈ ಕಟ್ಟಿದ ತಜ್ಞರು ಬಡ್ಡಿದರ, ತೈಲಬೆಲೆ ಎಂದು ಕಾರಣ ಕೊಡುವಾಗ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. "ಪಾಪ, ಗಡ್ಡ ಇಲ್ಲಿದೆ ಅಂತ ಅವರಿಗೇನು ಗೊತ್ತು!"

ನಗದವಳು ಅಕ್ಕ ಒಬ್ಬಳೇ.

"ಎಡಗಡೆ ಕೂತರೆ ನನ್ನ ಗಂಡ, ಬಲಗಡೆ ಕೂತರೆ ಯಾವನೋ ಸನ್ಯಾಸಿ. ಊಟ ಯಾರಿಗೆ ಬಡಿಸಲೋ ನಾನು? ಅವರ ಮುಖ ನನಗೆ ವಾಪಸ್ ಕೊಡು. ಇಲ್ಲಾಂದ್ರೆ ನನಗೆ ತಮ್ಮನೇ ಇಲ್ಲ ಅಂದ್ಕೋತೀನಿ."

"ಅಕ್ಕಾ, ಬೀದಿಯವರು ಅಂಗಡಿಗೆ ಬೆಂಕಿ ಇಡ್ತಾರೆ."

"ಸರಿ, ಇನ್ಮೇಲೆ ಬೀದಿಯವರನ್ನೇ ಅಕ್ಕ ಅಂತ ಕರಿ."

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳೇ. ಅಂದಿನಿಂದ ಮಾತು ಬಿಟ್ಟಳು. ಮಧ್ಯಾಹ್ನ ಬುತ್ತಿಯ ಡಬ್ಬಿಯನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು, ತಿರುಗಿಯೂ ನೋಡದೆ ಹೋಗುತ್ತಿದ್ದಳು. ಕ್ಷೌರಿಕ ಅರ್ಧ ತಿಂದು ಡಬ್ಬಿ ಮುಚ್ಚಿಬಿಡುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಅವನು ಗಟ್ಟಿ ಮನಸ್ಸು ಮಾಡಿದ. "ಭಾವ, ಇವತ್ತು ಎರಡೂ ಕಡೆ," ಎಂದು ಕತ್ತಿಯನ್ನು ಬಿಸಿನೀರಿಗೆ ಹಾಕಿದ. ಅದನ್ನು ಇನ್ನೂ ಎತ್ತಿರಲಿಲ್ಲ, ಟೀವಿ ಕೆಂಪಗಾಯಿತು. ಪೇಟೆ ದಡಾರನೆ ಬಿದ್ದಿತ್ತು, ಬೀಳುತ್ತಲೇ ಇತ್ತು.

ಬೀದಿಗೆ ಬೀದಿಯೇ ಒಳನುಗ್ಗಿತು. ಗಲಾಟೆ ಕೇಳಿ ಅಕ್ಕನೂ ಓಡಿಬಂದಳು.

"ನಾನು ಮುಟ್ಟೇ ಇಲ್ಲ! ನೋಡಿ, ಗಡ್ಡ ಹಾಗೇ ಇದೆ!"

"ಮುಟ್ಟಬೇಕು ಅಂತ ಯೋಚನೆ ಮಾಡಿದೆಯಲ್ಲ! ಅಷ್ಟು ಸಾಕು ಅದಕ್ಕೆ!" ಎಂದು ದಿನಸಿಯವನು ಎದೆ ಬಡಿದುಕೊಂಡ.

ಕ್ಷೌರಿಕ ಬಿಸಿನೀರಿನಿಂದ ಕತ್ತಿ ಎತ್ತಿದ. ಎಲ್ಲರೂ ನೋಡುತ್ತಿದ್ದಂತೆಯೇ ಭಾವನ ಬಲಗೆನ್ನೆಯನ್ನು ಸರಸರ ಬೋಳಿಸಿಬಿಟ್ಟ. ಪೇಟೆ ಕ್ಯಾರೇ ಅನ್ನದೆ ತನ್ನ ಪಾಡಿಗೆ ತಾನು ಬೀಳುತ್ತಿತ್ತು. ದಿನಸಿಯವನು ದರ್ಜಿಯನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತು, ಕುರುಚಲು ಗಡ್ಡದ ಮುಖ ಮೇಲೆತ್ತಿದ.

"ಬೇಗ! ನನ್ನ ಎಡಗಡೆ ಬೋಳಿಸು, ಬಲಗಡೆ ಬಿಡು! ಇನ್ನೂ ಕಾಲ ಮಿಂಚಿಲ್ಲ!"

ಕ್ಷೌರಿಕ ಅಕ್ಕನ ಮುಖ ನೋಡಿದ.

"ನನ್ನನ್ನೇನು ನೋಡ್ತೀಯೋ ತಮ್ಮಾ? ಗಿರಾಕಿ ಕಾಯ್ತಿದ್ದಾನೆ," ಎಂದಳು ಅಕ್ಕ.

ಹಾಗೆಂದವಳೇ ಬ್ರಷ್ಷು ಎತ್ತಿ, ದಿನಸಿಯವನಿಗೆ ಈ ಕಿವಿಯಿಂದ ಆ ಕಿವಿಯವರೆಗೆ, ಕನ್ನಡಕದ ಗಾಜನ್ನೂ ಬಿಡದೆ, ನೊರೆ ಬಳಿದಳು.